ಮೆಡಿಕಲ್ ಬೋರ್ಡಿನ ಮುಂದೆ 'ಆರಾಮ್ ಅದೀನ್ರಿ' ಅನ್ನಬೇಡಿ

ನಮ್ಮ ಕಾಕಾ ಮೆಡಿಕಲ್ ಬೋರ್ಡಿನ ಎದುರು ಕೂತದ್ದು ಹೆಚ್ಚೆಂದರೆ ಐದು ನಿಮಿಷ. ಕೆಲಸದಲ್ಲಿ ಆದ ಗಾಯದಿಂದ ಎಷ್ಟು ಊನ ಉಳಿಯಿತು ಅಂತ ಅಳೆಯುವ ಡಾಕ್ಟರುಗಳ ತಂಡ ಈ ಬೋರ್ಡು. ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್, ಅಂದರೆ ತಗಡನ್ನು ಅಚ್ಚಿನ ಮೇಲೆ ಒತ್ತುವ ಮಷೀನು ಓಡಿಸುತ್ತಿದ್ದವರು ಅವರು. ಬಲಗೈ ತೋರುಬೆರಳಿನ ಎರಡು ಗೆಣ್ಣು ಮಷೀನಿಗೆ ಹೋಗಿದ್ದವು. ಪಕ್ಕದ ನಡುಬೆರಳು ಉಳಿದಿತ್ತು, ಆದರೆ ಮಡಚುತ್ತಿರಲಿಲ್ಲ. ಕಡ್ಡಿಯ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು. ಡಾಕ್ಟರ್ ಮೊದಲಿಗೆ ಕೇಳಿದ್ದು, "ಹೆಂಗದೀರಿ ಈಗ?" ಕಾಕಾ ಹೆಗಲ ಮೇಲಿನ ಟವೆಲ್ಲಿನ ತುದಿಯಲ್ಲಿ ಕೈ ಸುತ್ತಿಕೊಂಡೇ ಅಂದರು, "ಆರಾಮ್ ಅದೀನ್ರಿ ಸಾಹೇಬ್ರ."

ದೊಡ್ಡವರು ವಿಚಾರಿಸಿದಾಗ ಹಾಗೆ ಹೇಳುವುದು ನಮ್ಮ ಕಡೆ ಮರ್ಯಾದೆ. ನೋವು ತೋಡಿಕೊಂಡರೆ ಅಳುಬುರುಕ ಅಂದುಕೊಂಡಾರು ಎಂಬ ಅಳುಕು ಬೇರೆ. ಆದರೆ ಅದೇ ಕಾಕಾ ಮನೆಯಲ್ಲಿ ಬಲಗೈಯಿಂದ ಜೋಳದ ರೊಟ್ಟಿ ಮುರಿಯಲಾರರು. ಅಂಗಿಯ ಗುಂಡಿ ಹಾಕಿಕೊಳ್ಳಲು ಕಾಕು ಬೇಕು. ಚಹಾದ ಕಪ್ಪು ಹಿಡಿದರೆ ತುಸು ಹೊತ್ತಿಗೆ ಕೈ ಸೋತು ಬಸಿಯೊಳಗೆ ಚೆಲ್ಲುತ್ತದೆ. ಇದ್ಯಾವುದೂ ಬೋರ್ಡಿನ ಕಾಗದದಲ್ಲಿ ಬರಲಿಲ್ಲ. ಬಂದದ್ದು ಶೇಕಡಾ 11, ಅಂದರೆ ತೋರುಬೆರಳಿನ ಎರಡು ಗೆಣ್ಣಿಗೆ ಕಾನೂನಿನ ಪಟ್ಟಿಯಲ್ಲಿರುವ ಅಂಕಿ. ನಡುಬೆರಳಿನ ಸುದ್ದಿಯೇ ಇರಲಿಲ್ಲ.

ಆ ಮೇಲೆ ನಾನು ಕಾರ್ಖಾನೆಯ ಹಾಜರಿ ನೋಡುವ ಟೈಮ್ ಆಫೀಸಿನ ಕೆಲಸಕ್ಕೆ ಸೇರಿದೆ. ಪೆಟ್ಟು ಬಿದ್ದವರ ಕಾಗದ ಬರೆದುಕೊಡುವುದು, ಅವರ ಜೊತೆ ಆಸ್ಪತ್ರೆಗೆ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಚೇರಿಗೆ ಹೋಗುವುದು ರೂಢಿಯಾಯಿತು. ಕಾಕಾಗೆ ಅಂದು ಯಾರೂ ಹೇಳದೇ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೋರ್ಡು ನೋಡುವುದು ಎರಡನ್ನೇ: ಕಾಗದದಲ್ಲಿ ಏನಿದೆ, ಎದುರಿಗೆ ಕೂತವನು ಏನು ಹೇಳುತ್ತಾನೆ. ನೀವು ಮಾಡುವ ಕೆಲಸ ಎಂಥದ್ದು ಅನ್ನುವುದು ಆ ಕೋಣೆಯೊಳಗೆ ತಾನಾಗಿ ಬರುವುದಿಲ್ಲ. ನೀವೇ ಹೊತ್ತುಕೊಂಡು ಹೋಗಬೇಕು.

ಒಂದೇ ಕೈ, ಬೇರೆ ಬೇರೆ ಅಳತೆಗೋಲು

ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು, ನಿಮ್ಮನ್ನು ಯಾರು ಅಳೆಯುತ್ತಿದ್ದಾರೆ, ಯಾವುದಕ್ಕಾಗಿ ಅಳೆಯುತ್ತಿದ್ದಾರೆ ಎಂಬುದು. ಇಲ್ಲಿ ಗೊಂದಲವಾದರೆ ಮುಂದಿನದೆಲ್ಲ ಹಳಿ ತಪ್ಪುತ್ತದೆ.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲಿ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಅಂಗವಿಕಲರಿಗೆ ಈ ಮಿತಿ 25,000. ನಿಮ್ಮ ಸಂಬಳದಿಂದ ಶೇಕಡಾ 0.75, ಮಾಲೀಕರಿಂದ ಶೇಕಡಾ 3.25 ಸೇರಿ ವಂತಿಗೆ ಹೋಗುತ್ತದೆ. ಇಲ್ಲಿ ಬೋರ್ಡು ಹುಡುಕುವುದು 'ಗಳಿಕೆ ಸಾಮರ್ಥ್ಯದ ನಷ್ಟ': ಈ ಗಾಯದಿಂದ ಈ ಮನುಷ್ಯನ ದುಡಿಯುವ ಶಕ್ತಿ ನೂರರಲ್ಲಿ ಎಷ್ಟು ಹೋಯಿತು? ಆ ಶೇಕಡಾದ ಲೆಕ್ಕದಲ್ಲಿ ಬದುಕಿರುವ ತನಕ ದುಡ್ಡು ಬರುತ್ತದೆ. ನೀವು ಮತ್ತೆ ಕೆಲಸಕ್ಕೆ ಹೋಗುತ್ತಿದ್ದರೂ ಈ ಸೌಲಭ್ಯ ಸಿಗುತ್ತದೆ. "ಕೆಲಸಕ್ಕ ಹೊಂಟೀನಿ ಅಂದ್ರ ಪೆನ್ಶನ್ ಕೊಡೂದಿಲ್ಲ" ಅಂತ ಹೆದರಿ ಅರ್ಜಿಯನ್ನೇ ಹಾಕದವರನ್ನು ಕಂಡಿದ್ದೇನೆ. ಅದು ತಪ್ಪು ತಿಳಿವಳಿಕೆ.

ಜಿಲ್ಲಾಸ್ಪತ್ರೆಯಲ್ಲಿ ಮಾಡಿಸುವ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡು ಬೇರೆಯದೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ 21 ಬಗೆಯ ನ್ಯೂನತೆಗಳಿಗೆ ಅದು ಸಿಗುತ್ತದೆ. ಬಹಳಷ್ಟು ಸರ್ಕಾರಿ ಸೌಲಭ್ಯಗಳಿಗೆ ಅದರಲ್ಲಿ ಶೇಕಡಾ 40 ಇರಬೇಕು. ಅಲ್ಲಿ ನೋಡುವುದು ದೇಹದ ಕೊರತೆಯನ್ನು, ಗಳಿಕೆಯನ್ನಲ್ಲ. ಎರಡೂ ಶೇಕಡಾದಲ್ಲೇ ಬರುವುದರಿಂದ ಜನ ಒಂದೇ ಅಂದುಕೊಳ್ಳುತ್ತಾರೆ. ಇಎಸ್‌ಐ ಬೋರ್ಡಿನವರಿಗೆ ಯುಡಿಐಡಿ ತೋರಿಸಿ "ಇದರಾಗ ಬರದದಲ್ರಿ" ಅಂದರೆ ಕೆಲಸ ಆಗುವುದಿಲ್ಲ. ಅದನ್ನೂ ಮಾಡಿಸಿಕೊಳ್ಳಿ, ಆದರೆ ಅದರ ಪಾಡಿಗೆ ಅದು.

ಭವಿಷ್ಯ ನಿಧಿಯ 1995ರ ಪಿಂಚಣಿ ಯೋಜನೆಯಲ್ಲೂ ಅಂಗವೈಕಲ್ಯ ಪಿಂಚಣಿ ಇದೆ, ಬಹಳ ಜನರಿಗೆ ಇದು ಗೊತ್ತೇ ಇಲ್ಲ. ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು. ಅಲ್ಲಿನ ಪ್ರಶ್ನೆ ಕಠಿಣ: ಪೆಟ್ಟಾದಾಗ ಮಾಡುತ್ತಿದ್ದ ಕೆಲಸಕ್ಕೆ ಈತ ಪೂರ್ತಿಯಾಗಿ, ಶಾಶ್ವತವಾಗಿ ಅನರ್ಹನೇ? ಜೀವವಿಮೆ ಪಾಲಿಸಿಗೆ ಹೆಚ್ಚುವರಿಯಾಗಿ ಜೋಡಿಸುವ ಅಪಘಾತ ಅಂಗವೈಕಲ್ಯದ ರೈಡರ್‌ಗಳು ಇನ್ನೂ ಬಿಗಿ. ಅವು ಸಾಮಾನ್ಯವಾಗಿ ಕೇಳುವುದು, ಈತ ಇನ್ನು ಮುಂದೆ ಯಾವ ಕೆಲಸ ಮಾಡಿಯೂ ಗಳಿಸಲಾರನೇ ಅಂತ.

ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ದುಡಿಮೆಯ ಪ್ರಶ್ನೆಯೇ ಇಲ್ಲ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಪೂರ್ತಿ ಹೋದರೆ ಒಂದು ಲಕ್ಷ. ಎರಡು ಹೋದರೆ ಎರಡು ಲಕ್ಷ. ಬೆರಳಿಗೆ ಅಲ್ಲಿ ಜಾಗವಿಲ್ಲ. ಆದರೂ ಪಾಸ್‌ಬುಕ್ ತೆಗೆದು ನೋಡಿ, ಮೇ ಕೊನೆಯ ಹೊತ್ತಿಗೆ ಆ 20 ರೂಪಾಯಿ ಕಡಿತವಾಗಿದೆಯೇ ಅಂತ. ವಿಮೆ ಓಡುವುದು ಜೂನ್ 1ರಿಂದ ಮೇ 31ರವರೆಗೆ. ಖಾತೆಯಲ್ಲಿ ದುಡ್ಡಿಲ್ಲದೆ ಕಡಿತ ತಪ್ಪಿದ ವರ್ಷವೇ ಅಪಘಾತವಾದರೆ ಕೈಗೇನೂ ಬರುವುದಿಲ್ಲ.

ದೇಹದ ಊನಕ್ಕೂ ಗಳಿಕೆಯ ನಷ್ಟಕ್ಕೂ ಇರುವ ವ್ಯತ್ಯಾಸವನ್ನು ಸುಪ್ರೀಂ ಕೋರ್ಟು ಎರಡು ಸಲ ಚೆನ್ನಾಗಿ ಬಿಡಿಸಿ ಹೇಳಿದೆ. ಪ್ರತಾಪ ನಾರಾಯಣ ಸಿಂಗ್ ದೇವ್ ಮತ್ತು ಶ್ರೀನಿವಾಸ ಸಬತ ನಡುವಿನ ಪ್ರಕರಣದಲ್ಲಿ ಒಬ್ಬ ಬಡಿಗ ಎಡಗೈ ಕಳೆದುಕೊಂಡಿದ್ದ. ಬಲಗೈ ಇದೆಯಲ್ಲ ಅಂತ ಮಾಲೀಕರ ವಾದ. ಒಂದೇ ಕೈಯಲ್ಲಿ ಬಡಿಗತನ ಆಗುವುದಿಲ್ಲ, ಆದ್ದರಿಂದ ನಷ್ಟ ನೂರಕ್ಕೆ ನೂರು ಅಂತ ಕೋರ್ಟು ಹೇಳಿತು. ಉಳಿ ಹಿಡಿಯುವ ಕೈ ಒಂದು, ಕೊಡತಿ ಎತ್ತುವ ಕೈ ಇನ್ನೊಂದು. ಬಡಿಗರ ಮನೆಯ ಮಗುವಿಗೂ ಇದು ಗೊತ್ತು. 2011ರಲ್ಲಿ ರಾಜ್‌ಕುಮಾರ್ ಮತ್ತು ಅಜಯ್ ಕುಮಾರ್ ಪ್ರಕರಣದಲ್ಲಿ ಇನ್ನಷ್ಟು ಸ್ಪಷ್ಟ ಮಾಡಿತು: ಒಂದು ಕಾಲಿಗೆ ಶೇಕಡಾ 45 ಊನ ಅಂದರೆ ಇಡೀ ದೇಹಕ್ಕೆ ಶೇಕಡಾ 45 ಅಲ್ಲ, ಗಳಿಕೆಯ ನಷ್ಟವೂ ತಾನಾಗಿ ಅಷ್ಟೇ ಅಲ್ಲ. ಕೈ ಹೋದ ಡ್ರೈವರನ ದುಡಿಮೆ ಪೂರ್ತಿ ನಿಂತೀತು, ಕೈ ಹೋದ ಗುಮಾಸ್ತನ ನೌಕರಿ ಉಳಿದೀತು. ಇದು ವಾಹನ ಅಪಘಾತದ ಪ್ರಕರಣ, ಆದರೆ ಒಳಗಿನ ತಿಳಿವಳಿಕೆ ಎಲ್ಲ ಕಡೆಯೂ ಬೇಕಾಗುತ್ತದೆ.

ಪೆಟ್ಟು ಬಿದ್ದ ದಿನವೇ ಬೋರ್ಡಿನ ಕೆಲಸ ಸುರು

ಬೋರ್ಡು ಕೂಡುವುದು ತಿಂಗಳುಗಟ್ಟಲೆ ತಡವಾಗಿ. ಆದರೆ ಅದರ ಮುಂದೆ ಇರುವ ಮೊದಲ ಕಾಗದ ಪೆಟ್ಟು ಬಿದ್ದ ದಿನದ್ದು. ಕಾಕಾನ ಅಪಘಾತದ ವರದಿಯಲ್ಲಿ ಕಾರ್ಖಾನೆಯವರು 'ಬಲಗೈ ಒಂದು ಬೆರಳಿಗೆ ಗಾಯ' ಅಂತ ಬರೆದಿದ್ದರು. ಬೇಕಂತಲೇ ಬರೆದರೋ, ಗಡಿಬಿಡಿಯಲ್ಲಿ ಬರೆದರೋ, ಆ 'ಒಂದು' ಅನ್ನುವ ಮಾತು ಕಡೆಯವರೆಗೂ ಬೆನ್ನು ಹತ್ತಿತು.

ಆದ್ದರಿಂದ ಫಾರ್ಮ್ 12ರ ಅಪಘಾತ ವರದಿ, ಕಾರ್ಖಾನೆಯ ಅಪಘಾತ ಪುಸ್ತಕ, ಎರಡರಲ್ಲೂ ಪೆಟ್ಟಾದ ಪ್ರತಿಯೊಂದು ಭಾಗ ಬರೆದಿದೆಯೇ ನೋಡಿ. ನಿಮಗೆ ಆಗದಿದ್ದರೆ ಜೊತೆಗಾರನಿಗೆ ಹೇಳಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಲಿ. ಮಷೀನಿನ ಹೆಸರು, ಸಮಯ, ಪಾಳಿ, ಪಕ್ಕದಲ್ಲಿದ್ದವರು ಯಾರು, ಇವೂ ಇರಬೇಕು. ಬೆಳಗಾವಿಯಲ್ಲಿದ್ದರೆ ಅಶೋಕನಗರದ ಇಎಸ್‌ಐ ಆಸ್ಪತ್ರೆಗೋ, ನಿಮಗೆ ಗೊತ್ತುಮಾಡಿದ ಡಿಸ್ಪೆನ್ಸರಿಗೋ ಹೋಗಿ. ಜೀವಕ್ಕೆ ಅಪಾಯವಿದ್ದಾಗ ಹತ್ತಿರದ ಆಸ್ಪತ್ರೆಗೆ ಹೋಗುವುದು ಸರಿಯೇ, ಆದರೆ ಅಲ್ಲಿನ ಚೀಟಿಯಲ್ಲೂ 'ಕೆಲಸದ ಮೇಲಿದ್ದಾಗ ಮಷೀನಿನಿಂದ ಆದ ಗಾಯ' ಅಂತ ಬರೆಸಿ. "ಮನ್ಯಾಗ ಬಿದ್ದೆ ಅಂತ ಹೇಳು, ಖರ್ಚು ನಾವು ನೋಡ್ಕೋತೀವಿ" ಅಂತ ಯಾರಾದರೂ ಪುಸಲಾಯಿಸಿದರೆ ಒಪ್ಪಬೇಡಿ. ಆಸ್ಪತ್ರೆಯ ಖರ್ಚು ಒಂದು ವಾರದ್ದು, ಕೈ ಜೀವನಪೂರ್ತಿಯದ್ದು.

ಇನ್ನೆರಡು ಮಾತು. ಮನೆಯಿಂದ ಕೆಲಸಕ್ಕೆ ಹೋಗುವಾಗ, ಬರುವಾಗ ದಾರಿಯಲ್ಲಿ ಆದ ಅಪಘಾತವನ್ನೂ 2010ರ ತಿದ್ದುಪಡಿಯ ನಂತರ ಕೆಲಸದ ಅಪಘಾತವೆಂದೇ ಎಣಿಸುತ್ತಾರೆ. ಮಚ್ಚೆಯಿಂದ ಬೈಕ್ ಮೇಲೆ ಪಾಳಿಗೆ ಬರುತ್ತಿದ್ದವನಿಗೆ ಲಾರಿ ಬಡಿದರೂ ಇದು ಅನ್ವಯ. ಸಮಯ ಮತ್ತು ದಾರಿ ಹೊಂದಬೇಕು, ಪೊಲೀಸ್ ಕಾಗದ ಇರಬೇಕು. ಎರಡನೆಯದು, ಮಾಲೀಕರು ವಂತಿಗೆ ಕಟ್ಟಿಲ್ಲ ಅಂತ ನಿಮ್ಮ ಹಕ್ಕು ಹೋಗುವುದಿಲ್ಲ. ಕೆಲಸದ ಗಾಯಕ್ಕೆ ಮೊದಲ ದಿನದಿಂದಲೇ ರಕ್ಷಣೆ ಇದೆ; ಬಾಕಿಯನ್ನು ಇಎಸ್‌ಐ ನಿಗಮ ಮಾಲೀಕರಿಂದ ವಸೂಲು ಮಾಡಿಕೊಳ್ಳುತ್ತದೆ.

ಗಾಯ ಮಾಯುವವರೆಗೆ ಸಿಗುವುದು ತಾತ್ಕಾಲಿಕ ಸೌಲಭ್ಯ, ಎಲ್ಲರೂ ಟಿಡಿಬಿ ಅನ್ನುವುದು ಇದನ್ನೇ. ಸರಾಸರಿ ದಿನಗೂಲಿಯ ಶೇಕಡಾ 90. ಅಪಘಾತದ ದಿನ ಬಿಟ್ಟು ಕನಿಷ್ಠ ಮೂರು ದಿನ ಕೆಲಸ ಮಾಡಲಾಗದಿರಬೇಕು. ಡಾಕ್ಟರು ಕೊಡುವ ಮೊದಲ ಸರ್ಟಿಫಿಕೇಟು, ನಡುವಿನವು, ಕೊನೆಯ ಫೈನಲ್, ಎಲ್ಲದರ ಜೆರಾಕ್ಸ್ ಇಟ್ಟುಕೊಳ್ಳಿ. ಈ ಅವಧಿಯಲ್ಲಿ ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ. ನೀವೂ ಹೋಗಿ ದುಡಿಯುವಂತಿಲ್ಲ. ಅರ್ಧ ಪಾಳಿಗೆ ಕರೆದರೂ ಹೋಗಬೇಡಿ.

ಫೈನಲ್ ಆದ ಕೂಡಲೇ ಊನ ಉಳಿದಿದೆ ಅನ್ನಿಸಿದರೆ ಮೆಡಿಕಲ್ ಬೋರ್ಡಿಗೆ ಕಳಿಸುವಂತೆ ಇಎಸ್‌ಐ ಶಾಖಾ ಕಚೇರಿಗೆ ಅರ್ಜಿ ಕೊಡಿ. ಅವರೇ ಕರೆಯುತ್ತಾರೆ ಅಂತ ಕಾಯುತ್ತ ಕೂಡಬೇಡಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.

ನಿಮ್ಮ ಕೆಲಸವನ್ನು ಒಂದು ಹಾಳೆಯಲ್ಲಿ ಬರೆಯಿರಿ

ಇಡೀ ಲೇಖನದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ಇಡಿ.

ಬೋರ್ಡಿನ ಡಾಕ್ಟರು ಬೆರಳಿನ ಎಲುಬು ಬಲ್ಲರು, ನಿಮ್ಮ ಮಷೀನು ಬಲ್ಲರು ಅಂತಿಲ್ಲ. 'ಪ್ರೆಸ್ ಆಪರೇಟರ್' ಅಂತ ಬರೆದರೆ ಅವರ ಕಣ್ಣಿಗೆ ಒಂದು ಗುಂಡಿ ಒತ್ತುವ ಕೆಲಸ ಕಾಣಬಹುದು. ಆದರೆ ಕಾಕಾ ಮಾಡುತ್ತಿದ್ದದ್ದು ಇದು: ಎಡಗಡೆಯ ಟ್ರೇಯಿಂದ ಎಣ್ಣೆ ಹಚ್ಚಿದ ತಗಡಿನ ತುಂಡು ತೆಗೆಯುವುದು, ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರಿಂದ ಅಂಚು ಹಿಡಿದು ಡೈ (ಅಚ್ಚು) ಮೇಲೆ ಕೂಡಿಸುವುದು, ಕೈ ಹಿಂದಕ್ಕೆಳೆದು ಪೆಡಲ್ ತುಳಿಯುವುದು, ಬಿಸಿಯಾದ ಪೀಸು ಎತ್ತಿ ಬಲಗಡೆಯ ಡಬ್ಬಿಗೆ ಹಾಕುವುದು. ಎಂಟು ತಾಸು ಇದೇ. ತೋರುಬೆರಳು ಮೋಟಾಗಿ ನಡುಬೆರಳು ಮಡಚದಿದ್ದರೆ ಎಣ್ಣೆಯ ತಗಡು ಜಾರುತ್ತದೆ. ಜಾರಿದ ತಗಡು ಸರಿಮಾಡಲು ಹೋಗುವ ಕೈಯೇ ಮತ್ತೆ ಡೈ ಕೆಳಗೆ ಹೋಗುವುದು. ಅಂದರೆ ಅವರಿಗೆ ಕೆಲಸ ನಿಧಾನವಾದದ್ದಷ್ಟೇ ಅಲ್ಲ, ಅಪಾಯಕಾರಿಯೂ ಆಗಿತ್ತು. ಇದನ್ನು ಬರೆದುಕೊಂಡು ಹೋಗಿದ್ದರೆ ಐದು ನಿಮಿಷದಲ್ಲೂ ಡಾಕ್ಟರಿಗೆ ತಿಳಿಯುತ್ತಿತ್ತು.

ನೇಕಾರರದ್ದೂ ಹಾಗೆಯೇ. ಬನಹಟ್ಟಿಯಿಂದ ಬಂದ ಒಬ್ಬ ಹುಡುಗನ ಕಾಗದ ಬರೆಯುವಾಗ "ಮಗ್ಗಾ ಕರೆಂಟಿನ ಮ್ಯಾಲ ಓಡತೈತಿ, ನಿನ್ನ ಬೆರಳಿಂದೇನು ಕೆಲಸ?" ಅಂತ ನಾನೇ ಕೇಳಿದ್ದೆ. ಅವನು ತನ್ನ ಅಂಗಿಯ ಅಂಚಿನಿಂದ ಎರಡು ಎಳೆ ಕಿತ್ತು ಟೇಬಲ್ ಮೇಲಿಟ್ಟ. ಹಾಸಿನ ಎಳೆ ಹರಿದಾಗ ಅದರ ತುದಿ ಹುಡುಕಿ, ಹೊಸ ಎಳೆ ಜೋಡಿಸಿ, ಗಂಟು ಹಾಕಿ, ಸೂಜಿಯಂಥ ಕಣ್ಣಿನೊಳಗೆ ತೂರಿಸಿ ಮಗ್ಗ ಮತ್ತೆ ಚಾಲೂ ಮಾಡಬೇಕು. ಅವನು ಬಲಗೈಯ ಮೂರು ಬೆರಳಲ್ಲಿ ಗಂಟು ಹಾಕಲು ಹೋದ. ಎಳೆ ಜಾರಿತು. ಮತ್ತೆ ಹೋದ. ನಾಲ್ಕನೇ ಸಲಕ್ಕೆ ಹಲ್ಲಿನಲ್ಲಿ ಒಂದು ತುದಿ ಕಚ್ಚಿ ಹಿಡಿದು ಗಂಟು ಹಾಕಿದ. "ಇಷ್ಟೊತ್ತು ಮಗ್ಗಾ ನಿಂತಿರತೈತ್ರಿ ಅಣ್ಣಾ. ಮೀಟರ್ ಲೆಕ್ಕದ ಕೂಲಿ ನಮ್ದು," ಅಂದ. ಆ ಎರಡು ಎಳೆ ಜೇಬಿನಲ್ಲಿಟ್ಟುಕೊಂಡೇ ಹೋಗು, ಡಾಕ್ಟರ ಮುಂದೆ ಇದನ್ನೇ ಮಾಡಿ ತೋರಿಸು ಅಂತ ಹೇಳಿ ಕಳಿಸಿದೆ.

ಹಾಳೆಯಲ್ಲಿ ಹೀಗೆ ಬರೆಯಿರಿ. ಪೆಟ್ಟಾಗುವ ಮೊದಲು ಪಾಳಿಯಲ್ಲಿ ಏನೇನು ಮಾಡುತ್ತಿದ್ದಿರಿ, ಎಷ್ಟು ಭಾರ ಎತ್ತುತ್ತಿದ್ದಿರಿ, ಎಷ್ಟು ತಾಸು ನಿಲ್ಲುತ್ತಿದ್ದಿರಿ. ಈಗ ಅದರಲ್ಲಿ ಯಾವುದು ಆಗುವುದೇ ಇಲ್ಲ, ಯಾವುದು ಅರ್ಧ ಆಗುತ್ತದೆ, ಯಾವುದಕ್ಕೆ ಇನ್ನೊಬ್ಬರ ಕೈ ಬೇಕು. 'ಬಹಳ ನೋವು' ಅನ್ನುವುದಕ್ಕಿಂತ 'ಹತ್ತು ನಿಮಿಷ ಸುತ್ತಿಗೆ ಹಿಡಿದರೆ ಮೊಣಕೈತನಕ ಜೋಮು ಹಿಡಿಯುತ್ತದೆ' ಅನ್ನುವುದು ತೂಕದ ಮಾತು. ಊಟ, ಸ್ನಾನ, ಗುಂಡಿ, ಸಹಿ, ಬೈಕಿನ ಬ್ರೇಕು, ಇವನ್ನೂ ಸೇರಿಸಿ. ಬೆರಳು ತುಂಡಾದವರಿಗೆ ಥಂಡಿಯಲ್ಲಿ ಮೋಟಿನ ತುದಿ ಸೆಳೆಯುತ್ತದೆ; ಬೆಳಗಾವಿಯ ಆಷಾಢದ ಗಾಳಿಯಲ್ಲಿ ಅದೆಷ್ಟು ಹಿಂಸೆ ಅನ್ನುವುದು ಅನುಭವಿಸಿದವರಿಗೇ ಗೊತ್ತು. ಬಿಡದೆ ಬರೆಯಿರಿ. ನೀವು ಎಡಚರಾಗಿದ್ದು ಎಡಗೈಗೇ ಪೆಟ್ಟಾಗಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹಾಕಿ.

ಸುಳ್ಳು ಮಾತ್ರ ಒಂದು ಸಾಲೂ ಬೇಡ. ಇಲ್ಲದ ನೋವು ಹೇಳಿ ಸಿಕ್ಕಿಬಿದ್ದರೆ ಇರುವ ನೋವನ್ನೂ ನಂಬುವುದಿಲ್ಲ. ಮುಚ್ಚಿಟ್ಟ ಅಥವಾ ತಪ್ಪು ಹೇಳಿದ ಸಂಗತಿ ಹೊರಬಿದ್ದರೆ ತೀರ್ಮಾನವನ್ನು ಮತ್ತೆ ತೆರೆಯುವ ಅಧಿಕಾರವೂ ಬೋರ್ಡಿಗೆ ಇದೆ.

ಬೋರ್ಡಿನ ದಿನ

ಪತ್ರದಲ್ಲಿ ದಿನ, ಸ್ಥಳ ಇರುತ್ತದೆ. ನಮ್ಮ ಭಾಗದ ಇಎಸ್‌ಐ ಉಪ ಪ್ರಾದೇಶಿಕ ಕಚೇರಿ ಹುಬ್ಬಳ್ಳಿಯಲ್ಲಿದೆ. ಬೋರ್ಡಿಗೆ ಹಾಜರಾದ ದಿನದ ಪ್ರಯಾಣ ಖರ್ಚು ಮತ್ತು ಹೋದ ಕೂಲಿ ಕೇಳಿ ಪಡೆಯಬಹುದು, ಬಸ್ ಟಿಕೆಟ್ ಎಸೆಯಬೇಡಿ. ಜೊತೆಗೆ ಒಯ್ಯಬೇಕಾದವು: ಇ-ಪೆಹಚಾನ್ ಕಾರ್ಡು (ಇಎಸ್‌ಐ ಗುರುತಿನ ಕಾರ್ಡು), ಆಧಾರ್, ಅಪಘಾತ ವರದಿ, ಎಲ್ಲ ಸರ್ಟಿಫಿಕೇಟು, ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಕಾಗದ, ಹಳೆಯ ಎಕ್ಸ್‌ರೇ ಮತ್ತು ಒಂದು ಹೊಸ ಎಕ್ಸ್‌ರೇ, ನರಕ್ಕೆ ಪೆಟ್ಟಾಗಿದ್ದರೆ ಅದರ ಪರೀಕ್ಷೆಯ ವರದಿ, ಮತ್ತು ನೀವು ಬರೆದ ಆ ಹಾಳೆಯ ಎರಡು ಪ್ರತಿ.

ಒಳಗೆ ಹೋಗುವ ಮೊದಲು ಟವೆಲ್ಲು, ಪಟ್ಟಿ, ಉಂಗುರ ಎಲ್ಲ ತೆಗೆಯಿರಿ. ಎರಡೂ ಕೈ ಟೇಬಲ್ ಮೇಲೆ ಪಕ್ಕಪಕ್ಕದಲ್ಲಿಡಿ. ಊನ ಕಾಣುವುದು ಹೋಲಿಕೆಯಲ್ಲೇ. ಡಾಕ್ಟರು ಗೆಣ್ಣು ಎಷ್ಟು ಮಡಚುತ್ತದೆ ಅಂತ ಅಳೆಯಬಹುದು, ಹಿಡಿತದ ಬಲ ನೋಡುವ ಉಪಕರಣ ಒತ್ತಿಸಬಹುದು. ಮತ್ತೆ ಮತ್ತೆ ಒತ್ತಿಸಿದರೆ ಗಾಬರಿಯಾಗಬೇಡಿ, ಪ್ರತಿ ಸಲವೂ ಇದ್ದ ಬಲ ಹಾಕಿ. ಬೇಕಂತ ಸಡಿಲ ಬಿಟ್ಟರೆ ಅಂಕಿಗಳು ಒಂದಕ್ಕೊಂದು ಹೊಂದದೆ ಅವರಿಗೆ ಗೊತ್ತಾಗಿಬಿಡುತ್ತದೆ. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಕೇಳಿದರೆ "ಕನ್ನಡದಾಗ ಹೇಳ್ರಿ ಸರ್" ಅನ್ನಲು ಸಂಕೋಚ ಬೇಡ. ಅರ್ಧ ತಿಳಿದು ತಲೆಯಾಡಿಸುವುದು ದೊಡ್ಡ ನಷ್ಟ.

"ಹೆಂಗದೀರಿ?" ಅಂತ ಕೇಳಿದಾಗ ಉತ್ತರ ಇದು: "ಗಾಯ ಮಾಯೇತ್ರಿ. ಕೆಲಸದಾಗ ಮಾತ್ರ ಇಂಥಿಂಥಾದ್ದು ಆಗವಲ್ದ್ರಿ." ಮನೆಯಲ್ಲಿ ಒಂದೆರಡು ಸಲ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ. ಮುಗಿದ ಮೇಲೆ ಒಂದು ಮಾತು ಕೇಳಿ, ಇದು ತಾತ್ಕಾಲಿಕ ನಿರ್ಧಾರವೋ ಕಡೆಯದೋ. ತಾತ್ಕಾಲಿಕವಾಗಿದ್ದರೆ ಮತ್ತೆ ಬೋರ್ಡಿಗೆ ಹೋಗುವ ಸರದಿ ಬರುತ್ತದೆ.

ಶೇಕಡಾ ಅಂದರೆ ಕೈಗೆಷ್ಟು

ಕಾನೂನಿನ ಪಟ್ಟಿಯಲ್ಲಿ ಕೆಲವು ಗಾಯಗಳಿಗೆ ಅಂಕಿ ಗೊತ್ತುಮಾಡಿದ್ದಾರೆ. ಹೆಬ್ಬೆರಳು ಹೋದರೆ ಶೇಕಡಾ 30. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳು 12, ಉಂಗುರ ಬೆರಳು ಅಥವಾ ಕಿರುಬೆರಳು 7. ಒಂದು ಕೈಯ ನಾಲ್ಕು ಬೆರಳು ಹೋದರೆ 50. ಇನ್ನೊಂದು ಸರಿಯಿದ್ದು ಒಂದು ಕಣ್ಣು ಹೋದರೆ 40. ಪಟ್ಟಿಯಲ್ಲಿ ಇಲ್ಲದವು, ಅಂದರೆ ಮಡಚದ ಬೆರಳು, ಸೊಟ್ಟಗೆ ಕೂಡಿದ ಎಲುಬು, ಸತ್ತ ನರ, ಬೆನ್ನು, ಇವನ್ನೆಲ್ಲ ಬೋರ್ಡು ತನ್ನ ತಿಳಿವಿನಿಂದ ತೀರ್ಮಾನಿಸುತ್ತದೆ. ನಿಮ್ಮ ಹಾಳೆ ಹೆಚ್ಚು ಕೆಲಸಕ್ಕೆ ಬರುವುದು ಇಲ್ಲಿ.

ಲೆಕ್ಕ ಹೀಗೆ. ಸರಾಸರಿ ದಿನಗೂಲಿ 600 ಅಂತಿಟ್ಟುಕೊಳ್ಳಿ. ಅದರ ಶೇಕಡಾ 90 ಅಂದರೆ 540. ಬೋರ್ಡು 11 ಕೊಟ್ಟರೆ ದಿನಕ್ಕೆ 59 ರೂಪಾಯಿ 40 ಪೈಸೆ, ತಿಂಗಳಿಗೆ 1,782. ಅದೇ 20 ಕೊಟ್ಟರೆ ದಿನಕ್ಕೆ 108, ತಿಂಗಳಿಗೆ 3,240. ಬದುಕಿರುವ ತನಕ ಬರುವ ದುಡ್ಡು ಇದು. ಐದು ನಿಮಿಷದ ಸಂಕೋಚಕ್ಕೆ ತಿಂಗಳಿಗೆ ಸಾವಿರದ ನಾನೂರು ಚಿಲ್ಲರೆ ಕಳೆದುಕೊಳ್ಳಬೇಕೇ? ಕೊಡುವುದು ಸುರುವಾದ ಮೇಲೆ ಜೀವಂತ ಇರುವ ಪ್ರಮಾಣಪತ್ರ ಕಾಲಕಾಲಕ್ಕೆ ಕೊಡುತ್ತಿರಬೇಕು.

ಒಪ್ಪಿಗೆಯಾಗದಿದ್ದರೆ ಮೂರು ತಿಂಗಳು

ತೀರ್ಮಾನ ನಿಮ್ಮ ಕೈಸೇರಿದ ದಿನದಿಂದ ಮೂರು ತಿಂಗಳೊಳಗೆ ಮೆಡಿಕಲ್ ಅಪೀಲ್ ಟ್ರಿಬ್ಯುನಲ್‌ಗೆ ಮೇಲ್ಮನವಿ ಹಾಕಬಹುದು. ನೇರವಾಗಿ ಕಾರ್ಮಿಕರ ವಿಮಾ ನ್ಯಾಯಾಲಯಕ್ಕೂ ಹೋಗಬಹುದು. ಕಾಕಾನ ಪತ್ರ ಬಂದಾಗ ಮನೆಯಲ್ಲಿ ಓದಬಲ್ಲವರು ಯಾರೂ ಇರಲಿಲ್ಲ. ಸರ್ಕಾರದ ಕಾಗದ, ಜೋಪಾನವಾಗಿರಲಿ ಅಂತ ಕಾಕು ಅದನ್ನು ದೇವರ ಗೂಡಿನಲ್ಲಿ ಎಲ್ಲಮ್ಮನ ಪಟದ ಹಿಂದೆ ಇಟ್ಟಿದ್ದರು. ದೀಪಾವಳಿಗೆ ಗೂಡು ಸ್ವಚ್ಛ ಮಾಡುವಾಗ ನನ್ನ ಕೈಗೆ ಸಿಕ್ಕಿತು. ಅಷ್ಟರಲ್ಲಿ ಐದು ತಿಂಗಳು ಕಳೆದಿತ್ತು.

ಪತ್ರ ಬಂದ ದಿನವೇ ಲಕೋಟೆಯ ಮೇಲೆ ತಾರೀಖು ಬರೆಯಿರಿ, ಲಕೋಟೆಯನ್ನೂ ಇಟ್ಟುಕೊಳ್ಳಿ, ಓದಬಲ್ಲವರಿಗೆ ಅವತ್ತೇ ತೋರಿಸಿ. ಮೇಲ್ಮನವಿಯಲ್ಲಿ 'ಕಡಿಮೆ ಕೊಟ್ಟಿದ್ದಾರೆ' ಅಂತ ಗೋಳಾಡುವುದಕ್ಕಿಂತ ಯಾವ ಗಾಯ ಎಣಿಕೆಗೆ ಬಂದಿಲ್ಲ, ಅದಕ್ಕೆ ಯಾವ ಎಕ್ಸ್‌ರೇ ಸಾಕ್ಷಿ, ಅದರಿಂದ ಯಾವ ಕೆಲಸ ನಿಂತಿದೆ ಅಂತ ಬರೆಯಿರಿ. ವರ್ಷಗಳ ಮೇಲೆ ಯಾರೂ ಊಹಿಸದ ರೀತಿಯಲ್ಲಿ ಗಾಯ ಉಲ್ಬಣಿಸಿದರೆ ಮರುಪರಿಶೀಲನೆಗೂ ದಾರಿ ಇದೆ. ಕಡೆಯ ನಿರ್ಧಾರವಾಗಿದ್ದರೆ ಐದು ವರ್ಷ, ತಾತ್ಕಾಲಿಕವಾಗಿದ್ದರೆ ಆರು ತಿಂಗಳು ಕಳೆದಿರಬೇಕು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿರುವುದರಿಂದ ಕಾಗದಗಳಲ್ಲಿ ಕಲಂ ಸಂಖ್ಯೆಗಳು ಹಳೆಯ 1948ರ ಕಾಯ್ದೆಯದಕ್ಕಿಂತ ಬೇರೆ ಕಂಡಾವು. ಅರ್ಜಿ ಬರೆಯುವಾಗ ಕಚೇರಿಯಲ್ಲಿ ಕೇಳಿ ಸರಿಯಾದ ಸಂಖ್ಯೆ ಹಾಕಿ.

ಫೌಂಡ್ರಿಯವರಿಗೆ

ಬೆಳಗಾವಿ ಫೌಂಡ್ರಿಗಳ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳ ಊರು. ಮರಳು ಜಾಡಿಸುವ, ಫೆಟ್ಲಿಂಗ್ (ಎರಕದ ಅಂಚು ಕೆತ್ತಿ ಸ್ವಚ್ಛ ಮಾಡುವುದು) ಮಾಡುವ, ಗ್ರೈಂಡರ್ ಹಿಡಿಯುವ ಅಣ್ಣತಮ್ಮಂದಿರು ಗಮನವಿಟ್ಟು ಓದಬೇಕು. ಸಿಲಿಕಾ ದೂಳು ವರ್ಷಗಟ್ಟಲೆ ಎದೆಗೆ ಹೋದರೆ ಬರುವ ಸಿಲಿಕೋಸಿಸ್ ಕಾನೂನಿನಲ್ಲಿ ವೃತ್ತಿರೋಗ. ಬೆರಳು ತುಂಡಾದಷ್ಟೇ ಹಕ್ಕು ಇದಕ್ಕೂ ಇದೆ. ನೋಡುವುದು ವಿಶೇಷ ಮೆಡಿಕಲ್ ಬೋರ್ಡು. ಮೆಟ್ಟಿಲು ಹತ್ತಿದರೆ ದಮ್ಮು, ಬಿಡದ ಒಣ ಕೆಮ್ಮು ಇದ್ದಾಗ ಎಷ್ಟೋ ಕಡೆ ಕ್ಷಯ ಅಂದುಕೊಂಡು ಗುಳಿಗೆ ಕೊಡುತ್ತಾರೆ. ಆರಾಮ ಆಗದಿದ್ದರೆ "ನಾ ಇಷ್ಟ್ ವರ್ಷ ಫೌಂಡ್ರಿ ದೂಳಿನಾಗ ದುಡದೀನ್ರಿ" ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ, ಎದೆಯ ಎಕ್ಸ್‌ರೇ ಮಾಡಿಸಿ. ಯಾವ ಕಾರ್ಖಾನೆಯಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ಕೆಲಸ ಎಂಬ ಪಟ್ಟಿ ಬೇಕು. ಪಿಎಫ್ ಪಾಸ್‌ಬುಕ್ಕು, ಹಳೆಯ ಸಂಬಳ ಚೀಟಿ, ಗೇಟ್ ಪಾಸು ಇದಕ್ಕೆ ಸಾಕ್ಷಿ. ಶಬ್ದದಿಂದ ಕಿವಿ ಮಂದವಾದದ್ದೂ ವೃತ್ತಿರೋಗಗಳ ಪಟ್ಟಿಯಲ್ಲಿದೆ.

ಇಎಸ್‌ಐ ಇಲ್ಲದವರಿಗೆ

ರಬಕವಿ, ಬನಹಟ್ಟಿ, ಗುಳೇದಗುಡ್ಡ, ಇಳಕಲ್ಲಿನ ಎಷ್ಟೋ ಮಗ್ಗದ ಮನೆಗಳಲ್ಲಿ ನಾಲ್ಕೈದು ಜನವೇ ಇರುತ್ತಾರೆ. ಅಂಥವರಿಗೆ ಪರಿಹಾರ ಕೊಡಬೇಕಾದವರು ಮಾಲೀಕರೇ. 1923ರಿಂದ ಬಂದ ಕಾನೂನು ಇದು, ಈಗ ಮೇಲೆ ಹೇಳಿದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಇಲ್ಲಿ ಬೋರ್ಡು ಇಲ್ಲ. ಪಟ್ಟಿಯಲ್ಲಿ ಇಲ್ಲದ ಗಾಯಕ್ಕೆ ಅರ್ಹ ವೈದ್ಯರೊಬ್ಬರ ಪ್ರಮಾಣಪತ್ರ ಬೇಕು. 'ಬಲಗೈಗೆ ಇಷ್ಟು ಶೇಕಡಾ ಊನ' ಅಂತ ಮಾತ್ರ ಬರೆಸಿದರೆ ಸಾಲದು, 'ನೇಯ್ಗೆಯ ಕೆಲಸದಲ್ಲಿ ಗಳಿಕೆ ಸಾಮರ್ಥ್ಯ ಇಷ್ಟು ಕಡಿಮೆಯಾಗಿದೆ' ಅಂತ ಬರೆಸಿ. ಚಿಕಿತ್ಸೆ ಕೊಟ್ಟ ಡಾಕ್ಟರೇ ಬರೆದರೆ ಉತ್ತಮ, ಮುಂದೆ ಸಾಕ್ಷಿಗೆ ಕರೆದರೆ ಅವರು ನಿಂತು ಹೇಳಬಲ್ಲರು.

ಲೆಕ್ಕ ಇಲ್ಲಿ ಒಂದೇ ಗಂಟಿನದು. ತಿಂಗಳ ಕೂಲಿಯ ಶೇಕಡಾ 60ನ್ನು ವಯಸ್ಸಿಗೆ ಗೊತ್ತುಮಾಡಿದ ಅಂಕಿಯಿಂದ ಗುಣಿಸಿ, ನಷ್ಟದ ಶೇಕಡಾ ತೆಗೆಯುತ್ತಾರೆ. ತಿಂಗಳಿಗೆ 12,000 ದುಡಿಯುವ 40 ವರ್ಷದ ನೇಕಾರನಿಗೆ 7,200ನ್ನು 184.17ರಿಂದ ಗುಣಿಸಿದರೆ 13,26,024. ನಷ್ಟ ಶೇಕಡಾ 20 ಆದರೆ ಸುಮಾರು 2,65,205 ರೂಪಾಯಿ. ಕೂಲಿ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವ ಮಿತಿಯನ್ನು 2020ರಲ್ಲಿ ತಿಂಗಳಿಗೆ 15,000ಕ್ಕೆ ಏರಿಸಿದ್ದಾರೆ. ಅಪಘಾತವಾಗಿ ಎರಡು ವರ್ಷದೊಳಗೆ ಕೇಳಿಕೆ ಹಾಕಬೇಕು. ಮೀಟರ್ ಲೆಕ್ಕದ ಕೂಲಿಯವರು ಮಾಲೀಕರ ಚೀಟಿ ಇಲ್ಲದಿದ್ದರೆ ತಮ್ಮದೇ ವಹಿಯಲ್ಲಿ ವಾರ ವಾರ ಬರೆದಿಟ್ಟರೂ ಕೆಲಸಕ್ಕೆ ಬರುತ್ತದೆ.

ಮಾಲೀಕರು ಬೇರೆಯವರಲ್ಲ, ನಮ್ಮ ಓಣಿಯವರೇ, ಕಷ್ಟಕ್ಕೆ ಮುಂಗಡ ಕೊಟ್ಟವರೇ ಇರುತ್ತಾರೆ. "ಮುಂಗಡ ಬಿಟ್ಟೀನಿ, ಇದಕ್ಕೊಂದು ಸಹಿ ಹಾಕಿಬಿಡು ತಮ್ಮಾ" ಅಂದಾಗ ಇಲ್ಲ ಅನ್ನುವುದು ಕಷ್ಟ ಅಂತ ನನಗೂ ಗೊತ್ತು. ರಾಜಿ ಮಾಡಿಕೊಳ್ಳಬಾರದು ಅಂತಿಲ್ಲ. ಆದರೆ ಇಡೀ ಪರಿಹಾರವನ್ನು ಒಂದೇ ಗಂಟಿನಲ್ಲಿ ಮುಗಿಸುವ ಒಪ್ಪಂದವನ್ನು ಪರಿಹಾರದ ಅಧಿಕಾರಿಯ ಮುಂದೆ ನೋಂದಣಿ ಮಾಡಿಸಬೇಕು. ಮೊತ್ತ ಅನ್ಯಾಯವಾಗಿ ಕಡಿಮೆಯಿದ್ದರೆ ಅವರು ನೋಂದಣಿ ನಿರಾಕರಿಸಬಹುದು. ಮೇಲಿನ ಲೆಕ್ಕವನ್ನು ಮೊದಲು ನಿಮ್ಮ ಮನೆಯಲ್ಲಿ ಕೂತು ಹಾಕಿ, ಆ ಅಂಕಿ ಗೊತ್ತಿದ್ದೇ ಮಾತಿಗೆ ಕೂಡಿ. ಖಾಲಿ ಬಾಂಡ್ ಪೇಪರಿನ ಮೇಲೆ ಹೆಬ್ಬೆಟ್ಟು ಒತ್ತಬೇಡಿ.